ಹೊಸ್ತಿಲ ಹೊರಗಿನ ಎಡೆ

ಬೀಜದ ವ್ಯಾಪಾರಿಗೆ ಊರಿನ ಹಿತ್ತಲುಗಳೆಲ್ಲ ಗೊತ್ತಿರುತ್ತವೆ. ಯಾರ ಬೇಲಿಯ ಮೇಲೆ ಅವರೆ ಹಬ್ಬಿದೆ, ಯಾರು ವರ್ಷವರ್ಷ ಬದನೆಯ ತಳಿ ಬದಲಿಸುತ್ತಾರೆ, ಯಾರು ನೆರೆಮನೆಯಿಂದ ಬೀಜ ಬೇಡಿ ತಂದು ನನ್ನ ಅಂಗಡಿಯದು ಎಂದು ಸುಳ್ಳು ಹೇಳುತ್ತಾರೆ, ಎಲ್ಲವೂ. ನಾನು ರಾಮದುರ್ಗದಿಂದ ಒಂದು ಕೈಚೀಲ ಹಿಡಿದು ಬಂದವನು. ಕಿತ್ತೂರು, ದೊಡವಾಡ, ಸವದತ್ತಿ ಸಂತೆಗಳಲ್ಲಿ ಗೋಣಿತಟ್ಟು ಹಾಸಿ ಕುಳಿತು ಬೀಜ ಮಾರಿ, ಕೊನೆಗೆ ಬೈಲಹೊಂಗಲದಲ್ಲಿ ಅಂಗಡಿ ಹಾಕಿದೆ. ಹೊಸದಾಗಿ ವ್ಯಾಪಾರಕ್ಕಿಳಿಯುವವರಿಗೆ ನಾನು ಹೇಳುವುದು ಒಂದೇ. ಗಿರಾಕಿ ಏನು ಕೊಳ್ಳುತ್ತಾನೆ ಎಂಬುದನ್ನು ಎಲ್ಲರೂ ನೋಡುತ್ತಾರೆ. ಆತ ಎಂದೂ ಕೊಳ್ಳದ್ದು ಯಾವುದು ಎಂಬುದನ್ನು ನೀವು ನೋಡಿ.

ಆ ಕಣ್ಣಿನಿಂದಲೇ ನನಗೆ ಖಾನಾವಳಿಯ ಅಕ್ಕನ ವಿಷಯ ತಿಳಿದದ್ದು.

ಅಕ್ಕನಿಗೆ ಈಗ ಎಂಬತ್ತು ದಾಟಿದೆ. ಬೈಲಹೊಂಗಲದ ಅವರ ರೊಟ್ಟಿ ಖಾನಾವಳಿಯಲ್ಲಿ ನಾನು ಮದುವೆಯಾಗುವ ತನಕ ಉಂಡಿದ್ದೇನೆ, ಮದುವೆಯಾದ ಮೇಲೆ ಹೆಂಡತಿಗೆ ಹೇಳದೆಯೂ ಉಂಡಿದ್ದೇನೆ. ಅವರ ತಾಯಿ ಕಂಡವರ ಮನೆಯಲ್ಲಿ ರೊಟ್ಟಿ ಬಡಿದು ಮಗಳನ್ನು ಸಾಕಿದವರು. ಮಗಳು ಅದೇ ರೊಟ್ಟಿಯಿಂದ ಒಂದು ಖಾನಾವಳಿ ಕಟ್ಟಿ, ಗಂಡ ತೀರಿದ ಮೇಲೂ ನಡೆಸಿ, ಗಂಡುಮಕ್ಕಳ ಕೈಗೆ ಒಪ್ಪಿಸಿದರು. ಒಪ್ಪಿಸಿದರು ಎಂಬುದು ಬಾಯಿಮಾತು. ಇಂದಿಗೂ ಬೆಳಿಗ್ಗೆ ತರಕಾರಿಯ ಬುಟ್ಟಿ ಬಂದರೆ ಮೊದಲ ಕಾಯಿ ಮುರಿದು ನೋಡುವುದು ಅವರೇ.

ಹೀರೇಕಾಯಿ ಕಾಲದಲ್ಲಿ ಊರಿನ ಎಲ್ಲ ಖಾನಾವಳಿಗಳಲ್ಲೂ ಅದರದೇ ಪಲ್ಯ, ಸಿಪ್ಪೆಯದು ಚಟ್ನಿ. ಅಕ್ಕನಲ್ಲಿ ಮಾತ್ರ ಅದು ಒಲೆಯ ಹತ್ತಿರ ಸುಳಿಯುತ್ತಿರಲಿಲ್ಲ. ಒಮ್ಮೆ ನನ್ನ ಹೊಲದ್ದೇ ಎಳೆಯ ಕಾಯಿ ಪುಕ್ಕಟೆ ತಂದುಕೊಟ್ಟೆ. ಮುಟ್ಟಲಿಲ್ಲ. ತಮ್ಮ ತಂದೆಯ ಮನೆಯಲ್ಲಿ ಅದು ನಡೆಯುವುದಿಲ್ಲ ಎಂದರು. ಬಳ್ಳಿ ಹಬ್ಬಿಸುವುದಿಲ್ಲ, ಕಾಯಿ ಒಳಗೆ ತರುವುದಿಲ್ಲ, ತಿನ್ನುವುದಿಲ್ಲ. ನನಗೆ ಆಶ್ಚರ್ಯವಾದದ್ದು ಹೀರೇಕಾಯಿಯಿಂದಲ್ಲ. ಅಕ್ಕನಿಗೆ ತಂದೆಯ ಮನೆ ಎಂಬುದೊಂದು ಇದೆ ಎಂದು ಆವರೆಗೆ ಯಾರೂ ಕೇಳಿರಲಿಲ್ಲ.

ಅವರ ತಂದೆ ಹಡಗಿನಲ್ಲಿದ್ದವರು. ದೊಡ್ಡ ಯುದ್ಧದ ಕಾಲದಲ್ಲಿ ಮುಂಬೈಗೆ ಹೋಗಿ, ಸರಕಿನ ಹಡಗೊಂದರ ಒಲೆಗೆ ಕಲ್ಲಿದ್ದಲು ತುಂಬುವ ಕೆಲಸ ಹಿಡಿದಿದ್ದರು. ಬೈಲಹೊಂಗಲದಿಂದ ಗಿರಣಿ ಕೆಲಸಕ್ಕೆ ಹೋಗಿದ್ದ ಕುಟುಂಬದ ಹುಡುಗಿಯನ್ನು ಅಲ್ಲೇ ಮದುವೆಯಾದರು. ಊರಿನ ಮನೆಗೆ ಹೇಳಿರಲಿಲ್ಲ. ಈ ಒಂದು ಸಲ ಹೋಗಿ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟು ಹಡಗು ಹತ್ತಿದರು. ಹಡಗು ಮುಳುಗಿತು. ಆಗ ಅಕ್ಕ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದರು. ಬೈಲಹೊಂಗಲಕ್ಕೆ ಮರಳಿದ ಆ ತಾಯಿಯನ್ನು ಊರು ಏನೇನು ಕೇಳಿತು ಎಂಬುದನ್ನು ಬರೆಯುವ ಅಗತ್ಯವಿಲ್ಲ. ಬಸುರಿಯಾಗಿ ಮುಂಬೈಯಿಂದ ಒಬ್ಬಳೇ ಬಂದವಳನ್ನು ಊರು ಏನು ಕೇಳುತ್ತದೋ ಅದನ್ನೇ ಕೇಳಿತು.

ಗಂಡನ ಊರು ಯಾವುದೆಂದು ತಾಯಿಗೆ ಗೊತ್ತಿತ್ತು. ಮಗಳಿಗೆ ಹೇಳಲಿಲ್ಲ. ಸವದತ್ತಿ ಕಡೆ, ಹೊಳೆ ದಂಡೆ ಎಂದಷ್ಟೇ. ಕರೆಯದ ಮನೆಗೆ ತಾನು ಹೋಗುವುದಿಲ್ಲ, ಮಗಳನ್ನೂ ಕಳಿಸುವುದಿಲ್ಲ ಎಂಬ ಹಟದಲ್ಲೇ ತೀರಿಹೋದರು. ತಂದೆಯ ಹೆಸರಿನಿಂದ ಹುಡುಕೋಣವೆಂದರೆ ಆ ಹೆಸರು ಈ ಸೀಮೆಯಲ್ಲಿ ಓಣಿಗೆ ನಾಲ್ವರಿಗಿದೆ. ಉಳಿದ ಗುರುತು, ಗಂಡನ ಮನೆಯ ನೇಮವೆಂದು ತಾಯಿ ಮಗಳಿಗೂ ಕಲಿಸಿದ ಹೀರೇಕಾಯಿಯದು ಮಾತ್ರ.

ಹೋದ ವರ್ಷ ಅಕ್ಕ ಹಾಸಿಗೆ ಹಿಡಿದು ಎದ್ದರು. ಎದ್ದವರೇ ಕೋಲೂರಿಕೊಂಡು ನನ್ನ ಅಂಗಡಿಗೆ ಬಂದು ಬೀಜದ ಚೀಲದ ಮೇಲೆ ಕುಳಿತರು.

"ತಮ್ಮಾ, ನೀ ಇಷ್ಟೂರು ತಿರಗ್ತಿ. ಹೀರಿಕಾಯಿ ತಿನ್ನಲಾರದ ಮನಿ ಹೊಳಿ ದಂಡ್ಯಾಗ ಯಾವುದೈತಿ, ಹುಡುಕಿಕೊಡು."

ಯಾಕೆ ಈಗ ಎಂದು ಕೇಳಿದೆ. ಮಹಾನವಮಿ ಅಮಾವಾಸ್ಯೆಗೆ ನಮ್ಮ ಕಡೆ ತೀರಿದ ಹಿರಿಯರಿಗೆ ಎಡೆ ಇಡುತ್ತೇವೆ. ಅವರಿಗೆ ಸೇರುತ್ತಿದ್ದ ಅಡಿಗೆ ಮಾಡಿ, ಹೆಸರು ಹಿಡಿದು ಬಡಿಸಿ, ಬಾಗಿಲು ಮುಂದೆ ಮಾಡಿ ಮುಚ್ಚಿ, ಅವರು ಉಣ್ಣುವ ತನಕ ಮನೆಯವರೆಲ್ಲ ಹೊರಗೆ ನಿಲ್ಲುತ್ತೇವೆ. ಎಡೆ ಇಡುವುದು ಆಯಾ ಮನೆತನದಲ್ಲಿ. ಅಕ್ಕನ ಮನೆಯಲ್ಲಿ ಇಡುವುದು ಅವರ ಗಂಡನ ಹಿರಿಯರಿಗೆ. ಅಲ್ಲಿ ಅವರ ತಂದೆಗೆ ಜಾಗವಿಲ್ಲ, ತಾಯಿಗೂ ಇಲ್ಲ. ಊರಿಗೆಲ್ಲ ಉಣ್ಣಲು ಹಾಕಿದ ಹೆಂಗಸು, ಹೆತ್ತವರಿಬ್ಬರಿಗೆ ಒಂದು ದಿನ ಒಂದು ತಾಟು ಇಡುವ ಹಕ್ಕಿಲ್ಲದೆ ಇಷ್ಟು ವರ್ಷ ಕಳೆದಿದ್ದರು. ತಾವು ಹೋಗುವುದರೊಳಗೆ ಒಂದು ಅಮಾವಾಸ್ಯೆಗಾದರೂ ಅಪ್ಪ ಹುಟ್ಟಿದ ಮನೆಯಲ್ಲಿ ಅಪ್ಪನಿಗೆ, ಅವ್ವನಿಗೆ ಎಡೆ ಬೀಳಬೇಕು. ಅಕ್ಕನಿಗೆ ಬೇಕಾದದ್ದು ಇಷ್ಟೇ.

ನನಗೆ ಆಗಲೇ ಒಂದು ಮನೆ ನೆನಪಾಗಿತ್ತು. ಮುರಗೋಡದ ದೊಡ್ಡ ಮನೆತನವೊಂದು ನನ್ನ ಹಳೆಯ ಗಿರಾಕಿ. ಎಲ್ಲ ಬೀಜ ಒಯ್ಯುತ್ತಾರೆ, ಹೀರೆಯದೊಂದನ್ನು ಬಿಟ್ಟು. ಮುರಗೋಡ ಹೊಳೆ ದಂಡೆಯ ಊರಲ್ಲವಲ್ಲ ಎಂದು ಅಕ್ಕ ಅನುಮಾನಪಟ್ಟರು. ಹಿಂದಿನವರಿಗೆ ಹತ್ತು ಮೈಲಿ ದೂರವಿದ್ದರೂ ದಂಡೆಯೇ ಎಂದು ನಾನೇ ವಾದ ಮಾಡಿ ಬಸ್ಸು ಹತ್ತಿಸಿದೆ.

ಆ ಮನೆಯ ಯಜಮಾನ ಅವಲಕ್ಕಿ ಕೊಟ್ಟು, ಚಹಾ ಕೊಟ್ಟು, ನಮ್ಮ ಕಥೆಯನ್ನೆಲ್ಲ ಕೇಳಿ, ಕೊನೆಗೆ ತಾನು ಕಾಶಿಗೆ ಹೋಗಿಬಂದ ಮೇಲೆ ಹೀರೇಕಾಯಿ ಬಿಟ್ಟದ್ದು ಎಂದ. ಅಲ್ಲಿ ಹೋದವರು ಇಷ್ಟದ ಒಂದು ವಸ್ತುವನ್ನು ಬಿಟ್ಟು ಬರುವ ಪದ್ಧತಿ ಇದೆಯಲ್ಲ.

"ತಂಬಾಕ ಬಿಟ್ಟು ಬರ್ತಾನ ಅಂತ ನಮ್ಮಾಕಿ ಆಸೆ ಮಾಡಿ ಕುಂತಿದ್ಲು," ಎಂದ ಆತ ಅಡಿಗೆಮನೆಯ ಕಡೆ ಕಣ್ಣು ಹಾಯಿಸಿ. "ನಾ ಹೀರಿಕಾಯಿ ಬಿಟ್ಟೆ. ಅವತ್ತಿಂದ ಮನ್ಯಾಗ ಹೀರಿಕಾಯೂ ಇಲ್ಲ, ಸಮಾಧಾನೂ ಇಲ್ಲ."

ಬರುವಾಗ ನನಗೆ ಮುಖ ಎತ್ತಲಾಗಲಿಲ್ಲ. ಅಕ್ಕ ಬಸ್ಸಿನ ತುಂಬ ಕೇಳುವ ಹಾಗೆ ನಕ್ಕರು. ಹಾಗೆ ನಗಬಲ್ಲವರ ಕೆಲಸವನ್ನು ಅರ್ಧಕ್ಕೆ ಬಿಡಲು ಮನಸ್ಸಾಗುವುದಿಲ್ಲ.

ಆಮೇಲೆ ನಾನು ದಂಡೆಯ ಊರುಗಳನ್ನೇ ಹಿಡಿದು ಹೊರಟೆ. ಮನೋಳಿಯಲ್ಲಿ ಬಸ್ಸಿಳಿದು ಚಹಾದಂಗಡಿಯಲ್ಲಿ ಕುಳಿತು, ಈ ಊರಿನಲ್ಲಿ ಹೀರೆ ಬಿತ್ತದ ಮನೆ ಯಾವುದು ಎಂದು ನೇರವಾಗಿ ಕೇಳಿಬಿಟ್ಟೆ. ನಾಲ್ಕು ಜನ ಒಟ್ಟಿಗೆ ಒಂದೇ ಕಡೆ ಕೈ ತೋರಿಸಿದರು. ಹೊಳೆಗೆ ಹೋಗುವ ಓಣಿಯ ಕೊನೆಯ ಮನೆ. ತಲೆಮಾರುಗಳ ಹಿಂದೆ ಆ ಮನೆಯ ಹೆಣ್ಣುಮಗಳೊಬ್ಬಳು ಹೀರೆಯ ಬಳ್ಳಿಗೆ ಕೈ ಹಾಕಿ ಹಾವು ಕಡಿದು ಸತ್ತಳಂತೆ. ನಾನು ಚಹಾ ಮುಗಿಸಿ ಆ ಓಣಿ ನಡೆದು ಮುಟ್ಟುವುದರೊಳಗೆ ಸುದ್ದಿ ನನಗಿಂತ ಮುಂಚೆ ಮುಟ್ಟಿತ್ತು. ಎಪ್ಪತ್ತೈದರ ಆಸುಪಾಸಿನ ಯಜಮಾನ ಬಾಗಿಲಲ್ಲೇ ನಿಂತಿದ್ದ.

ನಾನು ಬೀಜದ ವ್ಯಾಪಾರಿ ಎಂದೆ.

"ಬೀಜ ಮಾರಾಂವ್ರು ಬೀಜ ಕೊಳ್ಳಲಾರದ ಮನಿ ಯಾಕ ಹುಡುಕ್ತೀರಿ?" ಎಂದ.

ಇದ್ದದ್ದು ಇದ್ದ ಹಾಗೆ ಹೇಳಿದೆ. ಕೇಳುತ್ತ ಕೇಳುತ್ತ ಆತ ಕಟ್ಟೆಯ ಮೇಲೆ ಕುಳಿತ. ಹೌದು, ತನ್ನ ತಂದೆಗೆ ಅದೇ ಹೆಸರಿನ ಅಣ್ಣನೊಬ್ಬನಿದ್ದ. ತಾನು ಹುಟ್ಟುವ ಮುಂಚೆಯೇ ಹೋದವನು, ಆದರೆ ತಂದೆಯ ಬಾಯಲ್ಲಿ ಅವನ ಮಾತು ಎಂದೂ ತೀರಿದ್ದಿಲ್ಲ. ಮಲಪ್ರಭೆ ತುಂಬಿ ಬಂದಾಗ ಊರವರು ದಂಡೆಯಲ್ಲಿ ನಿಂತು ನೋಡುತ್ತಿದ್ದರೆ, ಅವನು ಒಣಗಿದ ಸೋರೆಬುರುಡೆ ಹೊಟ್ಟೆಗೆ ಕಟ್ಟಿಕೊಂಡು ಆಚೆ ದಂಡೆಗೆ ಹೋಗಿ, ಸಿಕ್ಕಿಬಿದ್ದ ಎಮ್ಮೆಯ ಬಾಲ ಹಿಡಿದು ಮರಳುತ್ತಿದ್ದನಂತೆ. ಅಷ್ಟು ಈಜುವವನು ನೀರಿನಲ್ಲಿ ಹೇಗೆ ಸತ್ತ ಎಂದು ಅಜ್ಜ ಸಾಯುವ ತನಕ ಕೇಳುತ್ತಿದ್ದನಂತೆ. ಹಡಗಿನ ತಳದಲ್ಲಿ, ಒಲೆಯ ಮುಂದೆ, ಈಜುವುದಕ್ಕೆ ನೀರು ಮೊದಲು ಒಳಗೆ ಬರಬೇಕು, ಬಂದ ಮೇಲೆ ಬಾಗಿಲಿರುವುದಿಲ್ಲ ಎಂಬುದನ್ನು ಆ ಅಜ್ಜನಿಗೆ ಯಾರು ಹೇಳಬೇಕು? ಮುಂಬೈ ಬಂದರಿನಲ್ಲಿದ್ದ ಊರವನೊಬ್ಬ ಹಡಗು ಮುಳುಗಿದ ಸುದ್ದಿ ತಂದಿದ್ದ. ಮದುವೆಯ ಸುದ್ದಿ ಅವನಿಗೂ ಗೊತ್ತಿರಲಿಲ್ಲ.

ನಾನು ಮೆಲ್ಲಗೆ ಕೇಳಿದೆ, ಆತನಿಗೆ ಎಡೆ ಇಡುತ್ತೀರಾ ಎಂದು.

"ಬಿಟ್ಟಿಲ್ರಿ. ನಮ್ಮಜ್ಜ ಇಟ್ಟ, ನಮ್ಮಪ್ಪ ಇಟ್ಟ, ನಾ ಇಡತೇನಿ. ಮದವಿ ಇಲ್ದ ಹ್ವಾದಾಂವ, ಅದಕ್ಕ ಹೊಸ್ತಿಲ ಹೊರಗ."

ಆ ಮನೆಯ ಕಟ್ಟಳೆ ಹಾಗಿತ್ತು. ಸಂಸಾರ ಮಾಡಿ ಸತ್ತವರಿಗೆ ಒಳಗೆ ಪಡಸಾಲೆಯಲ್ಲಿ ಸಾಲು. ಮದುವೆಯಾಗದೆ ಸತ್ತವರಿಗೆ ಹೊಸ್ತಿಲ ಹೊರಗೆ ಒಂದು ಎಡೆ.

ಇದನ್ನೆಲ್ಲ ಬಂದು ಅಕ್ಕನಿಗೆ ಹೇಳಿದೆ. ಅಪ್ಪನಿಗೆ ಯಾರೂ ಇಟ್ಟಿಲ್ಲವೆಂದು ಇಷ್ಟು ವರ್ಷ ಕೊರಗಿದವರು ಸೆರಗಿನಿಂದ ಕಣ್ಣೊರೆಸಿಕೊಂಡು, ಆ ಮನೆಯವರ ಹೊಟ್ಟೆ ತಣ್ಣಗಿರಲಿ ಎಂದರು. ಸ್ವಲ್ಪ ಹೊತ್ತಿನ ಮೇಲೆ, ಹೊಸ್ತಿಲ ಹೊರಗೋ ಎಂದು ತಮಗೆ ತಾವೇ ಕೇಳಿಕೊಂಡರು. ನನಗೆ ಆಗ ಅರ್ಥವಾಯಿತು. ಆ ಎಡೆ ಹೊರಗಿರುವ ತನಕ ಅವರ ತಾಯಿ ಯಾರ ಹೆಂಡತಿಯೂ ಅಲ್ಲ. ಊರು ಕೇಳಿದ್ದಕ್ಕೆ ಆ ಮನೆಯೂ ವರ್ಷಕ್ಕೊಮ್ಮೆ ಹೌದು ಹೌದು ಎಂದಂತೆ.

ಇನ್ನು ನನ್ನ ಬುದ್ಧಿವಾದ. ತಲೆಮಾರು ಕಳೆದ ಮೇಲೆ ರಕ್ತಸಂಬಂಧ ಹುಡುಕಿಕೊಂಡು ಹೋಗುವ ಯಾರೇ ಆಗಲಿ, ಬಾಗಿಲು ತೆರೆದವರ ತಲೆಯಲ್ಲಿ ಮೊದಲು ಏಳುವುದು ಹೊಲದ ಪಾಲಿನ ಮಾತು ಎಂಬುದನ್ನು ಮರೆಯಬಾರದು. ಅವರು ಕೆಟ್ಟವರೆಂದಲ್ಲ, ಹೊಲ ಇದ್ದವರೆಲ್ಲ ಹಾಗೆಯೇ. ಅದಕ್ಕೆ ಮೊದಲ ಮಾತಿನಲ್ಲೇ, ಹಿರಿಯರ ಎದುರಿಗೆ, ನನಗೆ ನಿಮ್ಮ ಹೊಲ ಬೇಡ ಎಂದುಬಿಡಿ, ಆಮೇಲೆ ಎಲ್ಲ ಸುಲಭ ಎಂದು ಅಕ್ಕನಿಗೆ ಹೇಳಿದೆ. ಎಷ್ಟೋ ಮನೆಗಳ ಜಗಳ ಬಗೆಹರಿಸಿದ ಮಾತು ಅದು.

ಅಕ್ಕ ಒಪ್ಪಲಿಲ್ಲ.

"ನಾ ಕೇಳಲಾರದ್ದನ್ನ ಬ್ಯಾಡ ಅಂತ ಯಾಕ ಹೇಳಲಿ? ಬ್ಯಾಡ ಅಂದ್ರ, ಬೇಕಂತ ಬಂದಿದ್ಲು ಅಂತ ಆಗತೈತಿ. ಹೊಲದ ಮಾತು ಅವರ ತಲ್ಯಾಗ ಇದ್ರ ಇರಲಿ, ನನ್ನ ಬಾಯಾಗ ಬರೂದಿಲ್ಲ."

ಅಮಾವಾಸ್ಯೆಗೆ ಬರುತ್ತೇವೆ ಎಂದು ಹೇಳಿ ಕಳಿಸಿದೆವು. ಹಬ್ಬಕ್ಕೆ ಬಂದವರನ್ನು ಬೇಡ ಎನ್ನುವ ಮನೆಯಲ್ಲ, ಉಂಡು ಹೋಗಲಿ, ಬೇರೆ ಮಾತು ತರದಿದ್ದರೆ ಸಾಕು ಎಂದು ಯಜಮಾನನ ಉತ್ತರ ಬಂತು.

ಅಂದು ಮಧ್ಯಾಹ್ನ ನಾವು ಮುಟ್ಟಿದಾಗ ಪಡಸಾಲೆಯ ಒಳಗೋಡೆಗೆ ಎದುರಾಗಿ ಬಾಳೆಲೆಗಳ ಸಾಲು ಹಾಸಿಯಾಗಿತ್ತು. ಹೋಳಿಗೆ, ಕಡಬು, ಬದನೆಕಾಯಿಯ ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಒಬ್ಬಜ್ಜನ ಎಲೆಯ ಪಕ್ಕ ಎಲೆ ಅಡಿಕೆ, ಇನ್ನೊಬ್ಬನ ಪಕ್ಕ ಬೀಡಿ. ಹೊಸ್ತಿಲ ಹೊರಗೆ, ಕಟ್ಟೆಯ ಮೇಲೆ, ಒಂದೇ ಒಂದು ಎಲೆ. ಅದರ ಮೇಲೆಯೂ ಹೋಳಿಗೆಗೆ ತುಪ್ಪ ಹಾಕಿದ್ದರು, ನೀರಿನ ತಂಬಿಗೆ ಇಟ್ಟಿದ್ದರು. ಈಗಿನವರು ಯಾರೂ ನೋಡಿರದ ಹುಡುಗನಿಗೆ ಇಷ್ಟು ವರ್ಷ ಇಷ್ಟು ಚೆಂದ ಬಡಿಸಿಕೊಂಡು ಬಂದ ಮನೆ ಅದು. ಅಕ್ಕ ಕೋಲನ್ನು ನನ್ನ ಕೈಗೆ ಕೊಟ್ಟು ಆ ಎಲೆಯ ಮುಂದೆ ತಲೆ ನೆಲಕ್ಕೆ ಹಚ್ಚಿ ನಮಸ್ಕಾರ ಮಾಡಿದರು. ಏಳಲು ತಡವಾಯಿತು. ಯಜಮಾನನ ಹೆಂಡತಿ ಬಂದು ರಟ್ಟೆ ಹಿಡಿದು ಎಬ್ಬಿಸಿದಳು.

ಅಕ್ಕ ಸುತ್ತಿ ಬಳಸಿ ಮಾತಾಡುವವರಲ್ಲ. ಇವರು ನನ್ನ ತಂದೆ, ಮದುವೆಯಾಗಿದ್ದರು, ನಾನು ಅವರ ಮಗಳು ಎಂದರು.

ಯಜಮಾನ ಮರ್ಯಾದೆ ಬಿಡದೆಯೇ ಕೇಳಿದ, ಅದಕ್ಕೆ ಗುರುತೇನು ಎಂದು.

ನಾನು ನಡುವೆ ಬಾಯಿ ಹಾಕಿದೆ. ಹುಟ್ಟಿದಾಗಿನಿಂದ ಇವರು ಹೀರೇಕಾಯಿ ಮುಟ್ಟಿಲ್ಲ, ಬೈಲಹೊಂಗಲಕ್ಕೆ ಬಂದು ಯಾರನ್ನಾದರೂ ಕೇಳಿ ಎಂದೆ.

"ನಮ್ಮ ಮನೀದು ಹೀರಿಕಾಯಿ ಮಾತು ಚಹಾದಂಗಡ್ಯಾಗ ಕೇಳಿಕೊಂಡು ಬಂದಾವ್ರು ನೀವ. ಈಗ ಅದನ್ನ ತಂದು ನನಗ ಗುರುತು ಅಂತ ತೋರಸ್ತೀರಿ?"

ಇಡೀ ಜೀವಮಾನ, ಸರಕನ್ನು ಮೊದಲೇ ಬಿಚ್ಚಿ ತೋರಿಸಬಾರದು ಎಂದು ಮಂದಿಗೆ ಕಲಿಸಿದವನು ನಾನು. ಕೈಯಲ್ಲಿದ್ದ ಒಂದೇ ಸಾಕ್ಷಿಯನ್ನು ಬಸ್‌ಸ್ಟ್ಯಾಂಡಿನ ಪಕ್ಕ, ಚಹಾ ಕುಡಿಯುತ್ತ, ನಾಲ್ಕು ಜನರ ಮುಂದೆ ಚೆಲ್ಲಿ ಬಂದಿದ್ದೆ. ಇನ್ನು ಉಳಿದದ್ದು ಹೊಲ ಬೇಡ ಎಂಬ ಮಾತೊಂದೇ. ಅದನ್ನಾದರೂ ಹೇಳಿ ಎಂದು ಅಕ್ಕನ ಮುಖ ನೋಡಿದೆ. ಅವರು ನನ್ನ ಕಡೆ ನೋಡಲೇ ಇಲ್ಲ.

"ಖರೇ ಐತಿ," ಎಂದರು ಯಜಮಾನನಿಗೆ. "ನನ್ನ ಕಡೆ ಗುರುತು ಇಲ್ಲ. ನಿಮ್ಮ ಹಿರೇರು ಇಟ್ಟ ಜಾಗಾ ನಾ ಬದಲಿ ಮಾಡ್ರಿ ಅನ್ನೂದಿಲ್ಲ. ನಮ್ಮಪ್ಪ ಹೊರಗ ಇರಲಿ."

ಹಾಗೆ ಹೇಳಿ ತಮ್ಮ ಚೀಲದಿಂದ ಒಂದು ಬಾಳೆಲೆ ತೆಗೆದರು. ಖಾನಾವಳಿಯಲ್ಲಿ ಬೆಳಿಗ್ಗೆ ಎದ್ದು ತಾವೇ ಕೂತು ಮಾಡಿದ ಅಡಿಗೆಯ ಡಬ್ಬಿಗಳನ್ನೂ ಹೊರತೆಗೆದರು.

"ಒಂದ ಮಾತು ನಡಸ್ರಿ. ನಮ್ಮವ್ವನ ಎಡಿ ಅಂವನ ಬಾಜೂಕ ಇಡತೇನಿ. ಇಲ್ಲೆ, ಹೊಸ್ತಿಲ ಹೊರಗ. ಇಬ್ಬರೂ ಹೊರಗ ಉಣ್ಣಲಿ. ನಿಮ್ಮ ಪಡಸಾಲಿಗೆ ನಾ ಬರೂದಿಲ್ಲ."

ಯಜಮಾನ ಸುಲಭವಾಗಿ ಹೂಂ ಎಂದುಬಿಡುತ್ತಿದ್ದ. ಕೇಳಿದ್ದು ಅಷ್ಟು ಸಣ್ಣದು. ಅಕ್ಕ ಆಗಲೇ ಬಗ್ಗಿ, ಆ ಒಂಟಿ ಎಲೆಯ ಎಡಕ್ಕೆ, ತಮ್ಮ ಎಲೆ ಹಾಸುತ್ತಿದ್ದರು. ಒಳಗಿನಿಂದ ಯಜಮಾನನ ಹೆಂಡತಿ ಹೊಸ್ತಿಲಿಗೆ ಬಂದು ನಿಂತಳು. ಅವಳ ಕಣ್ಣು ಆ ಎಲೆಯ ಮೇಲೇ ಇತ್ತು.

"ಅದು ಯಾರದಂದ್ರಿ?"

"ನಮ್ಮವ್ವಂದು."

"ಈ ಮನ್ಯಾಂವನ ಹೇಣ್ತಿ ಅಂತ ಇಡಾಕ ಹತ್ತೀರಿ?"

"ಹೌದು."

ಅವಳು ಗಂಡನ ಕಡೆ ತಿರುಗಿದಳು. "ಏನ್ರಿ, ಸುಮ್ನ ನಿಂತೀರಿ. ಈ ಮನೀ ಸೊಸೀನ್ನ ಹೊಸ್ತಿಲ ಹೊರಗ ಕುಂಡ್ರಿಸಿ ಉಣಿಸಿದ್ದು ಯಾವಾಗರ ಐತೇನು? ನಾಳೆ ನನ್ನೂ ಹಿಂಗ ಹೊರಗ ಇಡಾವ್ರೇನು?"

ಯಜಮಾನ ಅಂದ, ಆಕೆ ಸೊಸೆ ಹೌದೋ ಅಲ್ಲವೋ ಯಾರಿಗೆ ಗೊತ್ತು ಎಂದು.

"ಅಲ್ಲ ಅನ್ನೂದಾದ್ರ ಆ ಎಲಿ ಎತ್ತಿ ಒಗೀರಿ. ನಿಮ್ಮ ಕೈಲೇ ಒಗೀರಿ, ನಾ ನೋಡತೇನಿ. ಒಗಿಯಾಕ ಆಗೂದಿಲ್ಲಂದ್ರ ಒಳಗ ತರ್ರಿ. ನಡೂ ದಾರಿ ಇಲ್ಲ."

ಹಿರಿಯರ ಹಬ್ಬದ ದಿನ ಹಾಸಿದ ಎಲೆಯನ್ನು ಎತ್ತಿ ಒಗೆಯುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಯಜಮಾನ ಎಲೆಯನ್ನು ನೋಡಿದ, ಅಕ್ಕನನ್ನು ನೋಡಿದ. ಅಕ್ಕ ಡಬ್ಬಿಯ ಮುಚ್ಚಳ ಹಿಡಿದುಕೊಂಡು ಹಾಗೆಯೇ ಕುಳಿತಿದ್ದರು. ಎಷ್ಟೋ ಸಂತೆಗಳಲ್ಲಿ ಎಷ್ಟೋ ಚೌಕಾಶಿ ನೋಡಿದ್ದೇನೆ, ನಾನೇ ಮಾಡಿದ್ದೇನೆ. ಹೆಚ್ಚು ಹೇಳಿ ಕಡಿಮೆಗೆ ಇಳಿಯುವುದು ನಮ್ಮ ವಿದ್ಯೆ. ಬೇಕಾದದ್ದಕ್ಕಿಂತ ಕಡಿಮೆ ಕೇಳಿ, ಕೊಡುವವರೇ ಅಷ್ಟು ಕಡಿಮೆಗೆ ನಾಚಿಕೊಳ್ಳುವ ಹಾಗೆ ಮಾಡುವುದನ್ನು ನಾನು ಅವತ್ತೇ ನೋಡಿದ್ದು. ಅದನ್ನು ಕಲಿಯಲು ಹೋಗಬೇಡಿ, ಬರುವುದಿಲ್ಲ. ಕೇಳುವವರಿಗೆ ನಿಜವಾಗಿಯೂ ಅಷ್ಟೇ ಸಿಕ್ಕರೂ ಸಾಕಾಗಿರಬೇಕು. ತಾಯಿ ತಂದೆ ಹೊರಗೇ ಕೂತು ಒಟ್ಟಿಗೆ ಉಂಡಿದ್ದರೂ ಅಕ್ಕ ಅವತ್ತು ಸಂತೋಷದಿಂದಲೇ ಮನೆಗೆ ಬರುತ್ತಿದ್ದರು ಎಂದು ನಾನು ಖಂಡಿತವಾಗಿ ಹೇಳಬಲ್ಲೆ.

ಯಜಮಾನ ಹೆಗಲ ಮೇಲಿನ ವಸ್ತ್ರವನ್ನು ತೆಗೆದು ಸೊಂಟಕ್ಕೆ ಕಟ್ಟಿಕೊಂಡ. ಮೊದಲು ದೊಡ್ಡಪ್ಪನ ಎಲೆಯ ಎರಡೂ ಅಂಚುಗಳಿಗೆ ಕೈ ಕೊಟ್ಟು, ಒಂದು ಅಗುಳೂ ಜಾರದಂತೆ ಎತ್ತಿ, ಹೊಸ್ತಿಲು ದಾಟಿ, ತನ್ನ ತಂದೆಯ ಎಲೆಯನ್ನು ಸ್ವಲ್ಪ ಬಲಕ್ಕೆ ಸರಿಸಿ, ಅಣ್ಣನಿಗೆ ಸಲ್ಲುವ ಜಾಗದಲ್ಲಿ ಇಳಿಸಿದ. ಆಮೇಲೆ ಹೊರಗೆ ಬಂದು ಆ ಖಾಲಿ ಎಲೆಯನ್ನು ಎತ್ತಿಕೊಂಡ.

"ಏಳವಾ ಅಕ್ಕಾ," ಎಂದ. ಬಂದಾಗಿನಿಂದ ಅಮ್ಮಾರ ಅಮ್ಮಾರ ಎನ್ನುತ್ತಿದ್ದವನು. "ದೊಡ್ಡವ್ವಗ ನೀನ ಬಡಸು. ಆಕೀಗೆ ಏನು ಸೇರತಿತ್ತು ನಮಗೇನು ಗೊತ್ತು."

ಅಕ್ಕ ಒಳಗೆ ಹೋಗಿ ಬಡಿಸಿದರು. ಸಾವಿರಾರು ಜನಕ್ಕೆ ಬಡಿಸಿದ ಕೈಯಿಂದ ಪಲ್ಯ ಎಲೆಯ ಅಂಚಿಗೆ ಬಿತ್ತು. ಯಜಮಾನನ ಹೆಂಡತಿ ಅದನ್ನು ಬೆರಳಿನಿಂದ ಒಳಗೆ ಸರಿಸಿದಳು. ಯಜಮಾನ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹಿಡಿದು ನೀರು ಬಿಡುತ್ತ ಬಂದ. ದೊಡ್ಡಪ್ಪನ ಹೆಸರಾದ ಮೇಲೆ ಅಕ್ಕನ ಕಡೆ ತಿರುಗಿ ನಿಂತ. ಅಕ್ಕ ತಾಯಿಯ ಹೆಸರು ಹೇಳಿದರು. ಆತ ಅದನ್ನು ತನ್ನ ಮನೆತನದ ಹೆಸರಿನೊಡನೆ ಸೇರಿಸಿ, ಓಣಿಗೆ ಕೇಳುವ ಹಾಗೆ, ಗಟ್ಟಿಯಾಗಿ ಹೇಳಿದ.

ಆಮೇಲೆ ಎಲ್ಲರೂ ಹೊರಗೆ ಬಂದೆವು. ಬಾಗಿಲು ಮುಂದೆ ಮಾಡಿದರು. ಬರಿದಾದ ಕಟ್ಟೆಯ ಮೇಲೆ ಅಕ್ಕ ಕುಳಿತರು, ನಾವು ಸುತ್ತ ನಿಂತೆವು. ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು. ಯಾರೂ ಮಾತಾಡಲಿಲ್ಲ, ಉಣ್ಣುವವರಿಗೆ ಸದ್ದಾಗಬಾರದಲ್ಲ. ಎಂದಿನಷ್ಟು ಹೊತ್ತಾಯಿತು ಎನಿಸಿದಾಗ ಯಜಮಾನ ಬಾಗಿಲು ತೆರೆಯಲು ಕೈ ಹಚ್ಚಿದ. ಅಕ್ಕ ಕುಳಿತಲ್ಲಿಂದಲೇ ಆತನ ಧೋತರದ ಚುಂಗು ಹಿಡಿದು ತಡೆದರು.

"ಇನ್ನೊಂದೀಟು ತಡಿಯಪಾ. ಆಕಿ ಗಂಡನ ಮನೀಗೆ ಇವತ್ತ ಬಂದಾಳ. ಸಾವಕಾಶ ಉಣ್ಣಲಿ."

ಆತ ಕೈ ತೆಗೆದು ಅಕ್ಕನ ಪಕ್ಕ ಕುಳಿತ.